ಮನೆಯ ದೀಪ, ಬೀದಿಯ ದೀಪ ಮತ್ತು ಪಂಚಾಯತಿಯ ಅಧಿಕಾರ

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಕಾರ್ಯಕ್ರಮದಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಲಿಖಿತ ರೂಪ)



ಇಂದಿನ ವಿಷಯ ನಿಮ್ಮ ಸಭೆಗಳಿಂದಲೇ ಎದ್ದು ಬಂದದ್ದು. ಕೆಲವು ಪಂಚಾಯತಿಗಳ ಸಾಮಾನ್ಯ ಸಭೆಯಲ್ಲಿ ಇತ್ತೀಚೆಗೆ ಒಂದು ಕರಡು ಠರಾವಿನ ಬಗ್ಗೆ ಚರ್ಚೆ ನಡೆದಿದೆ. ಅದರಲ್ಲಿ ಮೂರು ಮಾತುಗಳಿವೆ. ಪಂಚಾಯತಿ ವ್ಯಾಪ್ತಿಯ ಎಲ್ಲ ಮನೆಗಳಲ್ಲಿ ಎಲ್‌ಇಡಿ ದೀಪಗಳನ್ನು ಮಾತ್ರ ಬಳಸತಕ್ಕದ್ದು. ಅಂಗಡಿಗಳಲ್ಲಿ ಹಳೆಯ ಬುರುಡೆ ಬಲ್ಬುಗಳನ್ನು ಮಾರತಕ್ಕದ್ದಲ್ಲ. ಈ ನಿಯಮ ಪಾಲಿಸದ ಮನೆಯವರಿಗೆ ಇ-ಸ್ವತ್ತು ನಮೂನೆ, ಪರವಾನಗಿ ಮುಂತಾದವುಗಳನ್ನು ತಡೆಹಿಡಿಯತಕ್ಕದ್ದು. ಠರಾವು ತಂದ ಸದಸ್ಯರ ಉದ್ದೇಶ ಒಳ್ಳೆಯದು. ವಿದ್ಯುತ್ ಉಳಿಯಬೇಕು, ಊರಿಗೆ ಹೆಸರು ಬರಬೇಕು ಎಂಬುದಷ್ಟೇ ಅವರ ಮನಸ್ಸಿನಲ್ಲಿದೆ. ಆದರೆ ನನ್ನ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುತ್ತೇನೆ: ಮೊದಲೆರಡು ಅಂಶಗಳಲ್ಲಿ ಗುರಿ ಸರಿಯಿದೆ, ದಾರಿ ಸರಿಯಿಲ್ಲ, ಮೂರನೆಯದಂತೂ ಕೂಡದು. ಹಾಗೇಕೆ ಎಂಬುದನ್ನು ಸ್ವಲ್ಪ ಲೆಕ್ಕದ ಮೂಲಕ, ಸ್ವಲ್ಪ ಇತಿಹಾಸದ ಮೂಲಕ ವಿವರಿಸುತ್ತೇನೆ. ಎಂಜಿನಿಯರಿಂಗ್ ಓದಿದವನಾದ್ದರಿಂದ ಲೆಕ್ಕದ ಕಡೆಗೇ ಹೆಚ್ಚು ವಾಲಿದರೆ ತಾವು ಸಹಿಸಿಕೊಳ್ಳಬೇಕು.

ಮೊದಲು ಎದುರು ಪಕ್ಷದ ವಾದವನ್ನು ಗೌರವದಿಂದ ಕೇಳೋಣ. "ನನ್ನ ಮನೆ, ನನ್ನ ದುಡ್ಡು, ನನ್ನ ಮೀಟರು. ನಾನು ಯಾವ ಬಲ್ಬು ಹಾಕಿದರೆ ಸರ್ಕಾರಕ್ಕೇನು?" ಎಂದು ಒಬ್ಬ ಗ್ರಾಮಸ್ಥರು ಕೇಳಿದರೆ ಆ ಪ್ರಶ್ನೆಯಲ್ಲಿ ನ್ಯಾಯವಿದೆ. ಮನೆಯೊಳಗಿನ ಬದುಕಿಗೆ ಸರ್ಕಾರ ಕೈ ಹಾಕುವುದಾದರೆ ಅದಕ್ಕೆ ತಕ್ಕ ಕಾರಣವನ್ನು ಸರ್ಕಾರವೇ ಕೊಡಬೇಕು. ಮನೆಯವರಿಂದ ಕಾರಣ ಕೇಳುವಂತಿಲ್ಲ.

ಅಂಥ ಕಾರಣ ಇದೆಯೇ? ಇದೆ. ನಮ್ಮ ಹಳ್ಳಿಯ ಕಂಬದ ಮೇಲಿರುವ ಟಿಸಿಯನ್ನೇ ತೆಗೆದುಕೊಳ್ಳಿ. ಒಂದು 25 ಕೆವಿಎ ಟಿಸಿಗೆ ನೂರು ಮನೆಗಳು ಸೇರಿವೆ ಎಂದುಕೊಳ್ಳೋಣ. ಸಂಜೆ ಏಳು ಗಂಟೆಗೆ ಪ್ರತಿ ಮನೆಯಲ್ಲೂ 60 ವ್ಯಾಟ್‌ನ ಮೂರು ಬುರುಡೆ ಬಲ್ಬುಗಳು ಉರಿದರೆ ದೀಪಕ್ಕೇ 18 ಕಿಲೋವ್ಯಾಟ್ ಹೊರೆ ಬೀಳುತ್ತದೆ. ಟಿಸಿಯ ಶಕ್ತಿಯಲ್ಲಿ ಬಹುಪಾಲು ಅಲ್ಲಿಗೇ ಮುಗಿಯಿತು. ಟಿವಿ, ಮಿಕ್ಸಿ, ಫ್ಯಾನುಗಳಿಗೆ ಉಳಿಯುವುದು ಅಲ್ಪ. ಅದೇ ಬೆಳಕನ್ನು 9 ವ್ಯಾಟ್‌ನ ಎಲ್‌ಇಡಿಯಿಂದ ಪಡೆದರೆ ಹೊರೆ 2.7 ಕಿಲೋವ್ಯಾಟ್ ಮಾತ್ರ. ಲೈನಿನ ಕೊನೆಯ ಮನೆಗೆ ವೋಲ್ಟೇಜ್ ಸಿಗುವುದು ಅಥವಾ ಸಿಗದಿರುವುದು ಲೈನಿನ ಮೊದಲ ಮನೆಗಳು ಎಷ್ಟು ಎಳೆಯುತ್ತವೆ ಎಂಬುದನ್ನೂ ಅವಲಂಬಿಸಿದೆ. ಆದ್ದರಿಂದ ಮನೆಯ ದೀಪ ಸಂಪೂರ್ಣವಾಗಿ ಮನೆಯ ವಿಚಾರ ಮಾತ್ರವಲ್ಲ. ನೆರೆಯವರಿಗೂ ಅದರಲ್ಲಿ ಪಾಲಿದೆ.

ಇನ್ನೊಂದು ಮಾತು. ಮನೆಯ ಬೆಳಕಿನಲ್ಲಿ ಸರ್ಕಾರದ ಕೈ ಇಂದು ಹೊಸದಾಗಿ ಬಂದದ್ದೂ ಅಲ್ಲ. ಚಿಮಣಿ ಬುಡ್ಡಿ, ಲಾಟೀನುಗಳ ಕಾಲದಲ್ಲಿ ಸೀಮೆಎಣ್ಣೆ ಬರುತ್ತಿದ್ದುದು ಪಡಿತರ ಚೀಟಿಯ ಮೇಲೆ. ಎಷ್ಟು ಹೊತ್ತು ದೀಪ ಉರಿಯಬೇಕೆಂಬುದನ್ನು ಒಂದು ರೀತಿಯಲ್ಲಿ ನ್ಯಾಯಬೆಲೆ ಅಂಗಡಿಯೇ ತೀರ್ಮಾನಿಸುತ್ತಿತ್ತು. ಅನಂತರ ಭಾಗ್ಯಜ್ಯೋತಿ ಬಂದಿತು: ಬಡವರ ಮನೆಗೊಂದು ದೀಪ, ತಿಂಗಳಿಗೆ ಇಷ್ಟು ಯೂನಿಟ್ ಎಂಬ ಮಿತಿ. ಬಹುಕಾಲ ಆ ಮಿತಿ 18 ಯೂನಿಟ್ ಇತ್ತು. 2017ರಲ್ಲಿ 40 ಆಯಿತು. ಹದಿನೆಂಟು ಯೂನಿಟ್ಟಿನಲ್ಲಿ ಏನಾಗುತ್ತದೆ ನೋಡಿ. 60 ವ್ಯಾಟ್‌ನ ಬುರುಡೆ ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್. ಎರಡು ಬಲ್ಬಿಗೆ ಲೆಕ್ಕ ಮುಗಿಯಿತು. 9 ವ್ಯಾಟ್‌ನ ಎಲ್‌ಇಡಿಗೆ ತಿಂಗಳಿಗೆ 1.35 ಯೂನಿಟ್, ಅದೇ ಮಿತಿಯೊಳಗೆ ಹದಿಮೂರು ದೀಪಗಳು ಉರಿಯಬಲ್ಲವು. ಅಡುಗೆಮನೆಗೆ ಬೇರೆ, ಓದುವ ಮಕ್ಕಳಿಗೆ ಬೇರೆ, ದನದ ಕೊಟ್ಟಿಗೆಗೆ ಬೇರೆ ದೀಪ. ಬಡವರ ಮನೆಯಲ್ಲಿ ಆಯ್ಕೆಯ ಸ್ವಾತಂತ್ರ್ಯ ಎಂದರೆ ಬಲ್ಬಿನ ಜಾತಿಯನ್ನು ಆರಿಸುವುದಕ್ಕಿಂತ ಹೆಚ್ಚಾಗಿ ಎಷ್ಟು ಕೋಣೆಗಳಲ್ಲಿ ಬೆಳಕು ಇರಬೇಕೆಂಬುದನ್ನು ಆರಿಸುವುದು. ಆ ಸ್ವಾತಂತ್ರ್ಯವನ್ನು ಎಲ್‌ಇಡಿ ಹಿಗ್ಗಿಸಿದೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಮಾರುಕಟ್ಟೆಯಲ್ಲಿ ಮೊದಲಿನಿಂದಲೂ ಗ್ರಾಹಕನೇ ಪ್ರಭುವಾಗಿದ್ದ, ಸರ್ಕಾರ ಬಂದು ಕೆಡಿಸಿತು ಎಂಬ ಮಾತನ್ನೂ ಪೂರ್ತಿ ಒಪ್ಪಲಾಗದು. 1924ರಲ್ಲಿ ಓಸ್ರಾಮ್, ಫಿಲಿಪ್ಸ್ ಮೊದಲಾದ ಪ್ರಮುಖ ಬಲ್ಬು ಕಂಪನಿಗಳು ಜಿನೀವಾದಲ್ಲಿ ಸೇರಿ ಫೀಬಸ್ ಎಂಬ ಕೂಟವನ್ನು ಕಟ್ಟಿಕೊಂಡವು. ಮನೆ ಬಳಕೆಯ ಬಲ್ಬು 1,000 ಗಂಟೆಗಿಂತ ಹೆಚ್ಚು ಬಾಳಬಾರದು ಎಂಬುದು ಅವರ ಒಪ್ಪಂದ. ಹೆಚ್ಚು ಬಾಳುವ ಬಲ್ಬು ತಯಾರಿಸಿದ ಕಾರ್ಖಾನೆಗೆ ದಂಡ! ಅಲ್ಪಾಯುಷಿಯಾದರೂ ಆ ಬಲ್ಬು ಹೆಚ್ಚು ಬೆಳಕು ಕೊಡುತ್ತಿತ್ತು ಎಂದು ಕಂಪನಿಗಳನ್ನು ಸಮರ್ಥಿಸುವವರೂ ಇದ್ದಾರೆ. ಇರಲಿ, ಗ್ರಾಹಕನನ್ನಂತೂ ಯಾರೂ ಕೇಳಲಿಲ್ಲ.

ಹೀಗಾಗಿ ನಿಯಂತ್ರಣ ಬೇಕೇ ಬೇಡವೇ ಎಂಬುದಕ್ಕಿಂತ, ಯಾರು, ಎಲ್ಲಿ ನಿಂತು, ಯಾವುದನ್ನು ನಿಯಂತ್ರಿಸಬೇಕು ಎಂಬುದೇ ನಮ್ಮ ಮುಂದಿರುವ ಪ್ರಶ್ನೆ. ಇದಕ್ಕೆ ಬೇರೆ ಬೇರೆ ದೇಶಗಳು ಬೇರೆ ಬೇರೆ ಉತ್ತರ ಕೊಟ್ಟಿವೆ.

ಕ್ಯೂಬಾದಲ್ಲಿ 2005ರ ನಂತರ ಸರ್ಕಾರದ ಕಾರ್ಯಕರ್ತರು ಮನೆಮನೆಗೆ ಹೋಗಿ ಹಳೆಯ ಬಲ್ಬು ತೆಗೆದು ಹೊಸದನ್ನು ಉಚಿತವಾಗಿ ಹಾಕಿದರು. ಆಸ್ಟ್ರೇಲಿಯಾ 2007ರಲ್ಲಿ ಹಂತಹಂತವಾಗಿ ಬುರುಡೆ ಬಲ್ಬನ್ನು ಹಿಂತೆಗೆಯುವುದಾಗಿ ಘೋಷಿಸಿತು. ಯುರೋಪಿಯನ್ ಒಕ್ಕೂಟ 2009ರ ಸೆಪ್ಟೆಂಬರಿನಲ್ಲಿ 100 ವ್ಯಾಟ್‌ನಿಂದ ಆರಂಭಿಸಿ 2012ರ ವೇಳೆಗೆ 25 ವ್ಯಾಟ್‌ವರೆಗಿನ ಬಲ್ಬುಗಳನ್ನು ಮಾರುಕಟ್ಟೆಯಿಂದ ಹೊರಗಿಟ್ಟಿತು. ಜನ ಸುಮ್ಮನಿರಲಿಲ್ಲ. ಜರ್ಮನಿಯಲ್ಲಿ ಹಲವರು ಪೆಟ್ಟಿಗೆಗಟ್ಟಲೆ ಬಲ್ಬು ಕೊಂಡು ದಾಸ್ತಾನು ಮಾಡಿಕೊಂಡರು. ಅಲ್ಲಿಯ ಒಬ್ಬ ಎಂಜಿನಿಯರ್ ಮತ್ತು ಅವರ ಭಾವಮೈದುನ 2010ರಲ್ಲಿ ಅದೇ ಬಲ್ಬನ್ನು "ಶಾಖದ ಗೋಳ" ಎಂಬ ಅರ್ಥದ ಹೆಸರಿಟ್ಟು, ಇದು ದೀಪವಲ್ಲ, ಪುಟ್ಟ ಹೀಟರ್ ಎಂದು ಮಾರಲು ಹೊರಟರು. ಕುಹಕವಾದರೂ ಸುಳ್ಳಲ್ಲ, ಬುರುಡೆ ಬಲ್ಬಿಗೆ ಕೊಟ್ಟ ವಿದ್ಯುತ್ತಿನಲ್ಲಿ ಶೇ. 90ಕ್ಕೂ ಹೆಚ್ಚು ಭಾಗ ಶಾಖವಾಗಿಯೇ ಹೋಗುತ್ತದೆ.

ಈ ಪ್ರಸಂಗದಲ್ಲಿ ನಾವು ಗಮನಿಸಬೇಕಾದ ಅಂಶ ಬೇರೆ ಇದೆ. 2009ರಲ್ಲಿ ಸರ್ಕಾರಗಳು ಬುರುಡೆ ಬಲ್ಬಿಗೆ ಬದಲಾಗಿ ಜನರ ಕೈಗೆ ಕೊಟ್ಟದ್ದು ಬಹುಮಟ್ಟಿಗೆ ಸಿಎಫ್‌ಎಲ್. ನಮ್ಮಲ್ಲೂ ಅದೇ ವರ್ಷ ಆರಂಭವಾದ ಬಚತ್ ಲ್ಯಾಂಪ್ ಯೋಜನೆಯಲ್ಲಿ ಹಳೆಯ ಬಲ್ಬು ಕೊಟ್ಟವರಿಗೆ 15 ರೂಪಾಯಿಗೆ ಸಿಎಫ್‌ಎಲ್ ಕೊಡುವ ಏರ್ಪಾಡಿತ್ತು. ಅದರೊಳಗೆ ಕೆಲವು ಮಿಲಿಗ್ರಾಂ ಪಾದರಸವಿದೆ, ಒಡೆದರೆ ಜೋಪಾನ ಎಂಬುದನ್ನು ಹಳ್ಳಿಯ ಮನೆಗಳಿಗೆ ಯಾರು ಎಷ್ಟು ತಿಳಿಸಿದರೋ ಕಾಣೆ. ತಿಪ್ಪೆಗುಂಡಿಯಲ್ಲಿ ಬಿದ್ದ ಸಿಎಫ್‌ಎಲ್ ಚೂರುಗಳನ್ನು ತಾವೂ ನೋಡಿದ್ದೀರಿ. ಹನ್ನೆರಡು ವರ್ಷ ಕಳೆಯುವುದರೊಳಗೆ, 2021ರಲ್ಲಿ, ಯುರೋಪು ಸಾಮಾನ್ಯ ಸಿಎಫ್‌ಎಲ್‌ಗೂ ಬಾಗಿಲು ಮುಚ್ಚಿತು. ಅಂದು ಯಾವುದಾದರೂ ಪಂಚಾಯತಿ "ಎಲ್ಲರೂ ಸಿಎಫ್‌ಎಲ್ ಮಾತ್ರ ಬಳಸತಕ್ಕದ್ದು" ಎಂದು ಠರಾವು ಮಾಡಿದ್ದರೆ, ಅದೇ ಠರಾವು ಎಲ್‌ಇಡಿಗೆ ಅಡ್ಡಿಯಾಗಿ ನಿಲ್ಲುತ್ತಿತ್ತು. ವಸ್ತುವಿನ ಹೆಸರು ಹೇಳುವ ನಿಯಮ ಬೇಗ ಹಳಸುತ್ತದೆ. ಇಷ್ಟು ವ್ಯಾಟ್‌ಗೆ ಇಷ್ಟು ಬೆಳಕು ಬರಬೇಕು ಎಂದು ಗುಣವನ್ನು ಹೇಳುವ ನಿಯಮ ಬಾಳುತ್ತದೆ. ಅಮೆರಿಕದಲ್ಲಿ 2007ರ ಕಾನೂನಿನ ಮೇಲೆ "ನಮ್ಮ ಬಲ್ಬು ನಮ್ಮ ಹಕ್ಕು" ಎಂಬ ಧಾಟಿಯ ರಾಜಕೀಯ ಜಗಳ ವರ್ಷಗಟ್ಟಲೆ ನಡೆದು, ಕೊನೆಗೆ 2023ರ ಆಗಸ್ಟಿನಿಂದ ಪೂರ್ಣವಾಗಿ ಜಾರಿಯಾದದ್ದು ಇಂಥ ಗುಣದ ನಿಯಮವೇ: ಸಾಮಾನ್ಯ ಬಲ್ಬು ವ್ಯಾಟ್ ಒಂದಕ್ಕೆ ಕನಿಷ್ಠ 45 ಲ್ಯೂಮೆನ್ ಬೆಳಕು ಕೊಡಬೇಕು. ಅದನ್ನು ಯಾವ ತಂತ್ರದಿಂದ ಸಾಧಿಸಬೇಕೆಂಬುದು ತಯಾರಕರಿಗೆ ಬಿಟ್ಟದ್ದು.

ನಮ್ಮ ದೇಶ ಹಿಡಿದ ದಾರಿ ಇನ್ನೂ ಭಿನ್ನ. ಕೇಂದ್ರ ಸರ್ಕಾರ ಬುರುಡೆ ಬಲ್ಬನ್ನು ದೇಶಾದ್ಯಂತ ನಿಷೇಧಿಸಲಿಲ್ಲ. ಎಲ್‌ಇಡಿಯ ಬೆಲೆಯನ್ನು ಇಳಿಸಿತು. 2015ರ ಜನವರಿ 5ರಂದು ಉದ್ಘಾಟನೆಯಾದ, ಅನಂತರ ಉಜಾಲಾ ಎಂದು ಹೆಸರಾದ ಯೋಜನೆಗಾಗಿ ಸಾರ್ವಜನಿಕ ಸಂಸ್ಥೆಯೊಂದು ಕೋಟಿಗಟ್ಟಲೆ ಬಲ್ಬುಗಳನ್ನು ಒಟ್ಟಿಗೇ ಟೆಂಡರ್ ಕರೆದು ಖರೀದಿಸಿತು. 2014ರ ಆರಂಭದಲ್ಲಿ ಬಲ್ಬೊಂದಕ್ಕೆ 310 ರೂಪಾಯಿಯಿದ್ದ ಖರೀದಿ ದರ 2016ರಲ್ಲಿ 38 ರೂಪಾಯಿಗೆ ಬಂದಿತು. 36 ಕೋಟಿಗೂ ಹೆಚ್ಚು ಬಲ್ಬುಗಳು ವಿತರಣೆಯಾದವು. ನಮ್ಮ ರಾಜ್ಯದಲ್ಲಿ ಇದು "ಹೊಸ ಬೆಳಕು" ಎಂಬ ಹೆಸರಿನಲ್ಲಿ 2015ರ ಕೊನೆಯಲ್ಲಿ ಆರಂಭವಾಯಿತು. ಯಾರ ಮನೆಯ ಹೋಲ್ಡರಿಗೂ ಯಾವ ಅಧಿಕಾರಿಯೂ ಕೈ ಹಾಕಲಿಲ್ಲ. ಜನ ವಿದ್ಯುತ್ ಕಚೇರಿಯ ಮುಂದೆ ತಾವಾಗಿಯೇ ಸಾಲು ನಿಂತರು.

ನೆರೆಯ ಕೇರಳದ ಉದಾಹರಣೆಯನ್ನು ಠರಾವು ತಂದ ಸದಸ್ಯರು ಉಲ್ಲೇಖಿಸಿದ್ದಾರೆ. ಸರಿಯೇ. 2020ರ ಆಯವ್ಯಯದಲ್ಲಿ ಕೇರಳ ಸರ್ಕಾರ ಅದೇ ನವೆಂಬರಿನಿಂದ ಬುರುಡೆ ಬಲ್ಬು ಮತ್ತು ಸಿಎಫ್‌ಎಲ್‌ಗಳ ಮಾರಾಟವನ್ನು ನಿಷೇಧಿಸುವುದಾಗಿ ಪ್ರಕಟಿಸಿತು. ಆದರೆ ನಮ್ಮ ಕನ್ನಡಿಗರೂ ವಾಸಿಸುವ ಕಾಸರಗೋಡು ಜಿಲ್ಲೆಯ ಪೀಲಿಕೋಡ್ ಗ್ರಾಮ ಪಂಚಾಯತಿ, ದೇಶದಲ್ಲೇ ಮೊದಲ ಫಿಲಮೆಂಟ್ ಮುಕ್ತ ಪಂಚಾಯತಿ ಎಂಬ ಹೆಸರನ್ನು ಆ ನಿಷೇಧ ಜಾರಿಗೆ ಬರುವ ಮುನ್ನವೇ ಪಡೆದಿತ್ತು. ನಿಷೇಧಿಸಲು ಹೊರಟದ್ದು ರಾಜ್ಯ. ಪಂಚಾಯತಿ ಅದಕ್ಕಾಗಿ ಕಾಯಲೂ ಇಲ್ಲ.

ಇನ್ನು ಅಧಿಕಾರದ ಪ್ರಶ್ನೆ. ಇಂಧನ ಸಂರಕ್ಷಣಾ ಅಧಿನಿಯಮ, 2001ರ 14ನೇ ಪ್ರಕರಣದಲ್ಲಿ ಉಪಕರಣಗಳಿಗೆ ಮಾನದಂಡ ನಿಗದಿಪಡಿಸುವ, ಅದಕ್ಕೆ ಹೊಂದದ ಉಪಕರಣಗಳ ತಯಾರಿಕೆ ಮತ್ತು ಮಾರಾಟವನ್ನು ನಿಷೇಧಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. ರಾಜ್ಯ ಸರ್ಕಾರದ ಅಧಿಕಾರಗಳು 15ನೇ ಪ್ರಕರಣದಲ್ಲಿವೆ. ಅಲ್ಲೆಲ್ಲೂ ಗ್ರಾಮ ಪಂಚಾಯತಿಯ ಹೆಸರಿಲ್ಲ. ಅದು ಪಂಚಾಯತಿಗೆ ಅವಮಾನವೆಂದು ತಿಳಿಯಬೇಕಾಗಿಲ್ಲ. ಕಾರ್ಖಾನೆಯ ಬಾಗಿಲಲ್ಲಿ ನಿಂತು ಕಳಪೆ ಮಾಲನ್ನು ತಡೆಯುವವನು ಯಾರ ಮುಖವನ್ನೂ ನೋಡಬೇಕಾಗಿಲ್ಲ. ಪಂಚಾಯತಿ ನಿಲ್ಲುವುದು ಮನೆಯ ಬಾಗಿಲಲ್ಲಿ. ಅಲ್ಲಿ ಯಾರು ನಮ್ಮ ಕಡೆಯವರು, ಯಾರು ಎದುರು ಕಡೆಯವರು ಎಂಬುದು ಎಲ್ಲರಿಗೂ ಗೊತ್ತು. ಬಲ್ಬು ಪರಿಶೀಲನೆಯ ಹೆಸರಿನಲ್ಲಿ ಯಾರ ಮನೆಗೆ ಮೊದಲು ಹೋಗುತ್ತಾರೆ, ಯಾರ ಮನೆಯನ್ನು ದಾಟಿ ಹೋಗುತ್ತಾರೆ ಎಂಬುದನ್ನು ನಾನು ಬಿಡಿಸಿ ಹೇಳಬೇಕೇ?

ಮೂರನೆಯ ಅಂಶವನ್ನು ಕೂಡದು ಎಂದದ್ದು ಇದಕ್ಕಾಗಿಯೇ. ಇ-ಸ್ವತ್ತು ನಮೂನೆಯೆಂದರೆ ಜನರ ಆಸ್ತಿಯ ದಾಖಲೆ. ಮಗಳ ಮದುವೆಗೆ, ಬ್ಯಾಂಕಿನ ಸಾಲಕ್ಕೆ, ಪಾಲು ಮಾಡಿಕೊಳ್ಳುವುದಕ್ಕೆ ಅದು ಬೇಕು. ಅದನ್ನು ಒಂದು ಬಲ್ಬಿಗೆ ಒತ್ತೆಯಿಡಿಸುವ ಅಧಿಕಾರವನ್ನು ಯಾವ ಕಾನೂನೂ ನಮಗೆ ಕೊಟ್ಟಿಲ್ಲ. ಇಂಥ ಷರತ್ತು ಹಾಕಿ ಯಾರಾದರೂ ಒಂಟಿ ಹೆಂಗಸನ್ನು ಮೂರು ಸಲ ಕಚೇರಿಗೆ ಅಲೆಸಿದರೆ ಉಳಿಯುವ ವಿದ್ಯುತ್ತಿಗಿಂತ ಕಳೆಯುವ ವಿಶ್ವಾಸ ದೊಡ್ಡದು.

ಅಲ್ಲದೆ ಎಲ್ಲ ಬಲ್ಬೂ ಒಂದೇ ಅಲ್ಲ. ನಡುಮನೆಯಲ್ಲಿ ದಿನಕ್ಕೆ ಐದು ಗಂಟೆ ಉರಿಯುವ 60 ವ್ಯಾಟ್‌ನ ಬಲ್ಬು ವರ್ಷಕ್ಕೆ ಸುಮಾರು 109 ಯೂನಿಟ್ ತಿನ್ನುತ್ತದೆ. 9 ವ್ಯಾಟ್‌ನ ಎಲ್‌ಇಡಿ ಸುಮಾರು 16 ಯೂನಿಟ್. ಉಳಿತಾಯ 93 ಯೂನಿಟ್. ಯೂನಿಟ್ಟಿಗೆ 6 ರೂಪಾಯಿಯೆಂದು ಲೆಕ್ಕಕ್ಕೆ ಹಿಡಿದರೆ ಐನೂರು ರೂಪಾಯಿಗೂ ಮೀರಿದ್ದು. ಬಚ್ಚಲುಮನೆಯಲ್ಲಿ ದಿನಕ್ಕೆ ಇಪ್ಪತ್ತು ನಿಮಿಷ ಉರಿಯುವ ಬಲ್ಬನ್ನು ಬದಲಿಸಿದರೆ ವರ್ಷಕ್ಕೆ ಉಳಿಯುವುದು ಆರು ಯೂನಿಟ್ ಚಿಲ್ಲರೆ, ಮೂವತ್ತೇಳು ರೂಪಾಯಿ. ಅದು ಸುಟ್ಟುಹೋಗುವವರೆಗೆ ಅಲ್ಲೇ ಇರಲಿ ಎಂದು ಮನೆಯವರು ನಿರ್ಧರಿಸಿದರೆ ಅದು ಅವಿವೇಕವಲ್ಲ. ಕೋಳಿಮರಿಗಳಿಗೆ ಕಾವು ಕೊಡಲು ಬುರುಡೆ ಬಲ್ಬನ್ನೇ ತೂಗುಬಿಡುವವರಿದ್ದಾರೆ. ಅವರಿಗೆ ಬೇಕಾದದ್ದೇ ಆ ಶಾಖ. ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ ಭಾಗದ ಸೇವಂತಿಗೆ ತೋಟಗಳಲ್ಲಿ ಹೂವು ಬೇಗ ಬಿಡದಂತೆ ರಾತ್ರಿ ಬಲ್ಬು ಹಚ್ಚುತ್ತಾರೆ. ಅಲ್ಲಿ ಬೆಳಕಿನ ಬಣ್ಣವೂ ಮುಖ್ಯ. ಯುರೋಪಿನ ಕಾನೂನು ಕೂಡ ಒಲೆಯೊಳಗಿನ ಬಲ್ಬು ಮುಂತಾದ ವಿಶೇಷ ಬಳಕೆಗಳಿಗೆ ವಿನಾಯಿತಿ ಇಟ್ಟುಕೊಂಡಿತ್ತು. ನಮ್ಮ ಮೂರು ಸಾಲಿನ ಠರಾವಿನಲ್ಲಿ ಅದಕ್ಕೆ ಜಾಗವೇ ಇಲ್ಲ.

ಹಿರಿಯರು ಹೇಳುವ ಇನ್ನೊಂದು ದೂರನ್ನು ಹಗುರವಾಗಿ ಕಾಣಬೇಡಿ. "ಎಲ್‌ಇಡಿ ಹತ್ತು ವರ್ಷ ಬಾಳುತ್ತದೆ ಎಂದರು, ಹತ್ತು ತಿಂಗಳಿಗೆ ಹೋಯಿತು." ಇದು ನಿಜವಾದ ಅನುಭವ. ಸಾಮಾನ್ಯವಾಗಿ ಹಾಳಾಗುವುದು ಬೆಳಕು ಕೊಡುವ ಎಲ್‌ಇಡಿ ಅಲ್ಲ, ಅದರ ಬುಡದಲ್ಲಿ ಅಡಗಿರುವ ಡ್ರೈವರ್ ಎಂಬ ಪುಟ್ಟ ಸರ್ಕ್ಯೂಟ್. ಒಳ್ಳೆಯ ಡ್ರೈವರ್ ಇದ್ದರೆ ವೋಲ್ಟೇಜ್ 170ಕ್ಕೆ ಇಳಿದರೂ ಬೆಳಕು ಹೆಚ್ಚುಕಡಿಮೆ ಒಂದೇ ಸಮನಿರುತ್ತದೆ. ಅಷ್ಟು ಇಳಿದಾಗ ಬುರುಡೆ ಬಲ್ಬು ತನ್ನ ಬೆಳಕಿನ ಮೂರನೆಯ ಒಂದು ಭಾಗವನ್ನಷ್ಟೇ ಕೊಟ್ಟೀತು. ಅಗ್ಗದ ಬಲ್ಬಿನಲ್ಲಿ ಡ್ರೈವರಿನ ಜಾಗದಲ್ಲಿ ಒಂದು ಕೆಪಾಸಿಟರ್ ಇಟ್ಟು ಕೈತೊಳೆದುಕೊಂಡಿರುತ್ತಾರೆ. ಅದು ಮಿಣುಕುತ್ತದೆ, ವೋಲ್ಟೇಜ್ ಏರಿದ ದಿನ ಸತ್ತುಹೋಗುತ್ತದೆ. ಎಲ್‌ಇಡಿ ಬಲ್ಬಿಗೆ ಭಾರತೀಯ ಮಾನಕ ಬ್ಯೂರೋದಲ್ಲಿ ನೋಂದಣಿ ಕಡ್ಡಾಯ. ಪೆಟ್ಟಿಗೆಯ ಮೇಲೆ ನೋಂದಣಿ ಸಂಖ್ಯೆ ಇರಬೇಕು, ಇಂಧನ ದಕ್ಷತಾ ಬ್ಯೂರೋದ ನಕ್ಷತ್ರ ಪಟ್ಟಿ ಇರಬೇಕು. ಸಂತೆಯಲ್ಲಿ ರಾಶಿ ಹಾಕಿ ಮಾರುವ ಮಾಲಿನಲ್ಲಿ ಇವೆರಡೂ ಎಷ್ಟೋ ಸಲ ಕಾಣುವುದಿಲ್ಲ. ಬುರುಡೆ ಬಲ್ಬನ್ನು ಹಿಡಿಯಲು ಹೊರಟವರು ಈ ಮಾಲನ್ನು "ಎಲ್‌ಇಡಿ ತಾನೇ" ಎಂದು ಬಿಟ್ಟುಬಿಡುತ್ತಾರೆ. ಗ್ರಾಹಕನಿಗೆ ನಿಜವಾಗಿ ಬೇಕಾದ ರಕ್ಷಣೆ ಇಲ್ಲಿದೆ. ಪೆಟ್ಟಿಗೆ ಓದುವುದನ್ನು ಗ್ರಾಮಸಭೆಯಲ್ಲಿ ಹತ್ತು ನಿಮಿಷ ತೋರಿಸಿಕೊಡಿ. ವ್ಯಾಟ್ ಅಲ್ಲ, ಲ್ಯೂಮೆನ್ ನೋಡಿ ಎನ್ನಿ. ರಸೀದಿ ಇಟ್ಟುಕೊಂಡರೆ ವಾರಂಟಿಯಲ್ಲಿ ಬದಲಿಸಿ ಕೇಳಬಹುದೆನ್ನಿ. ದೇವರಕೋಣೆಗೆ ಹಳದಿ ಬೆಳಕೇ ಬೇಕೆನ್ನುವ ಅಜ್ಜಿಗೆ 2,700 ಕೆಲ್ವಿನ್ ಎಂದು ಬರೆದಿರುವ ಎಲ್‌ಇಡಿ ಸಿಗುತ್ತದೆಂದು ತಿಳಿಸಿ. ಮಹಿಳಾ ಸ್ವಸಹಾಯ ಸಂಘದವರು ಒಳ್ಳೆಯ ಬಲ್ಬನ್ನು ಸಗಟಾಗಿ ತರಿಸಿ ಕಂತಿನ ಮೇಲೆ ಕೊಟ್ಟರೆ ಠರಾವು ಮಾಡಲಾರದ್ದನ್ನು ಆರು ತಿಂಗಳಲ್ಲಿ ಮಾಡಿಯಾರು.

ಗೃಹಜ್ಯೋತಿಯ ವಿಚಾರವನ್ನು ಒಬ್ಬರು ಕೇಳಿದ್ದಾರೆ. 2023ರ ಆಗಸ್ಟಿನಿಂದ 200 ಯೂನಿಟ್ ಮಿತಿಯೊಳಗೆ, ಹಿಂದಿನ ಸರಾಸರಿ ಬಳಕೆಯ ಮೇಲೆ ಅರ್ಹತೆ ನಿಗದಿಯಾಗಿ ಬಿಲ್ಲು ಶೂನ್ಯ ಬರುತ್ತಿದೆ. ಬಿಲ್ಲೇ ಇಲ್ಲದವರಿಗೆ ಉಳಿತಾಯದ ಪಾಠ ಹೇಗೆ ಹೇಳುವುದು? ಒಪ್ಪುತ್ತೇನೆ, ಮೊದಲಿನಷ್ಟು ಸುಲಭವಲ್ಲ. ಅರ್ಹತೆಯೊಳಗೆ ಉಳಿಸಿದರೆ ಲಾಭ ಸರ್ಕಾರಕ್ಕೆ, ಮನೆಗಲ್ಲ. ಆದರೆ ಅರ್ಹತೆಯನ್ನು ಮೀರಿದರೆ ವ್ಯತ್ಯಾಸದ ಹಣ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಬೇಸಿಗೆಯಲ್ಲಿ ಫ್ಯಾನು ಹೆಚ್ಚು ತಿರುಗಿದ ತಿಂಗಳು, ಮನೆಯಲ್ಲಿ ಬಾಣಂತಿ ಇದ್ದ ತಿಂಗಳು, ದೀಪದಲ್ಲಿ ಉಳಿಸಿದ ಯೂನಿಟ್ಟುಗಳು ಕೈ ಹಿಡಿಯುತ್ತವೆ. ಹೀಗೆ ಹೇಳಿದರೆ ಜನಕ್ಕೆ ಅರ್ಥವಾಗುತ್ತದೆ.

ಈಗ ನಮ್ಮ ಕಡೆಗೆ ಬರೋಣ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 58ನೇ ಪ್ರಕರಣವು ಸಾಕಷ್ಟು ಬೀದಿ ದೀಪಗಳನ್ನು ಒದಗಿಸುವುದನ್ನೂ ಅವುಗಳ ವಿದ್ಯುತ್ ಶುಲ್ಕವನ್ನು ಕ್ರಮವಾಗಿ ಪಾವತಿಸುವುದನ್ನೂ ನಮ್ಮ ಕರ್ತವ್ಯವನ್ನಾಗಿಸಿದೆ. ಅಲ್ಲಿ ನಮಗೆ ಪೂರ್ಣ ಅಧಿಕಾರವಿದೆ. ಅದನ್ನು ಹೇಗೆ ಚಲಾಯಿಸುತ್ತಿದ್ದೇವೆ? ಮಧ್ಯಾಹ್ನ ಹನ್ನೆರಡಕ್ಕೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ನೋಡಿದರೆ ಸಾಕು, ಉರಿಯುತ್ತಿರುವ ಬೀದಿ ದೀಪಗಳು ಕಾಣುತ್ತವೆ. ಪ್ರತ್ಯೇಕ ಸ್ವಿಚ್ ತಂತಿ ಇಲ್ಲದೆಯೋ, ಸ್ವಿಚ್ ಆರಿಸಬೇಕಾದ ವಾಟರ್‌ಮನ್‌ಗೆ ಬೇರೆ ಹತ್ತು ಕೆಲಸಗಳಿರುವುದರಿಂದಲೋ, ಅಂತೂ ದೀಪ ಹಗಲಲ್ಲೂ ಉರಿಯುತ್ತದೆ. 20 ವ್ಯಾಟ್‌ನ ಒಂದು ಎಲ್‌ಇಡಿ ಬೀದಿ ದೀಪ ದಿನಕ್ಕೆ ಹನ್ನೆರಡು ಗಂಟೆ ವ್ಯರ್ಥವಾಗಿ ಉರಿದರೆ ವರ್ಷಕ್ಕೆ 87 ಯೂನಿಟ್ ನಷ್ಟ. ಒಂದು ಮನೆಯ ನಡುಮನೆಯ ಬಲ್ಬನ್ನು ಬದಲಿಸಿದರೆ ಉಳಿಯುವುದು 93 ಎಂದು ಆಗಲೇ ಲೆಕ್ಕ ಹಾಕಿದೆವು. ಒಬ್ಬ ಗ್ರಾಮಸ್ಥನನ್ನು ಒಪ್ಪಿಸಿ ಉಳಿಸಿದ್ದನ್ನು ಒಂದೇ ಕಂಬ ಹಗಲು ಬೆಳಕಿನಲ್ಲಿ ನುಂಗಿಹಾಕುತ್ತದೆ. ಆ ಕಂಬದ ಕೆಳಗೆ ನಿಂತು ಅವನಿಗೆ ದಂಡ ಹಾಕುವುದಾದರೂ ಹೇಗೆ? 2007ರಲ್ಲಿ ರಾಜ್ಯ ಸರ್ಕಾರ ಬುರುಡೆ ಬಲ್ಬಿನ ಬಗ್ಗೆ ಆದೇಶ ಹೊರಡಿಸಿದಾಗ ಹೊಸ ಸರ್ಕಾರಿ ಕಟ್ಟಡಗಳಿಗೇ ಅದನ್ನು ಅನ್ವಯಿಸಿತ್ತು. ಕ್ರಮವೆಂದರೆ ಅದು.

ಆದ್ದರಿಂದ ಠರಾವನ್ನು ಕೈಬಿಡಿ ಎಂದು ನಾನು ಹೇಳುತ್ತಿಲ್ಲ, ತಿದ್ದಿ ಬರೆಯೋಣ ಎನ್ನುತ್ತಿದ್ದೇನೆ. ಪಂಚಾಯತಿ ಕಟ್ಟಡ, ಅಂಗನವಾಡಿ, ಗ್ರಂಥಾಲಯಗಳಲ್ಲಿ ನೋಂದಣಿ ಮತ್ತು ನಕ್ಷತ್ರ ಪಟ್ಟಿ ಇರುವ ದೀಪಗಳನ್ನೇ ಖರೀದಿಸುವುದು. ಬೀದಿ ದೀಪಗಳ ಪ್ರತಿ ಸರ್ಕ್ಯೂಟಿಗೆ ಮೀಟರ್ ಮತ್ತು ಟೈಮರ್ ಅಳವಡಿಸಲು ವಿದ್ಯುತ್ ಕಂಪನಿಯ ಜೊತೆ ಪತ್ರ ವ್ಯವಹಾರ ಆರಂಭಿಸುವುದು. ಕೆಟ್ಟ ಸಿಎಫ್‌ಎಲ್, ಟ್ಯೂಬ್‌ಲೈಟ್‌ಗಳನ್ನು ಒಡೆಯದಂತೆ ಸಂಗ್ರಹಿಸಲು ಕಸ ವಿಲೇವಾರಿ ಘಟಕದಲ್ಲಿ ಒಂದು ಪ್ರತ್ಯೇಕ ಪೆಟ್ಟಿಗೆ ಇಡುವುದು. ಮನೆಗಳ ಮಟ್ಟಿಗೆ ತಿಳಿವಳಿಕೆ ಮತ್ತು ಸಂಘಗಳ ಮೂಲಕ ಪೂರೈಕೆ. ದಂಡದ ಮಾತು, ಇ-ಸ್ವತ್ತಿನ ಮಾತು ಎರಡನ್ನೂ ತೆಗೆದುಹಾಕುವುದು.

ಮುಂದಿನ ಸಾಮಾನ್ಯ ಸಭೆಗೆ ಬರುವಾಗ ಪ್ರತಿಯೊಬ್ಬ ಸದಸ್ಯರೂ ತಮ್ಮ ವಾರ್ಡಿನಲ್ಲಿ ಹಗಲು ಉರಿಯುವ ದೀಪಗಳ ಕಂಬಗಳನ್ನು ಎಣಿಸಿಕೊಂಡು ಬನ್ನಿ. ಬೀದಿ ದೀಪಗಳ ಆರ್.ಆರ್. ಸಂಖ್ಯೆಗಳ ಪಟ್ಟಿ ಮತ್ತು ಕಳೆದ ಮೂರು ತಿಂಗಳ ಬಿಲ್ಲುಗಳನ್ನು ನಿಮ್ಮ ಕಾರ್ಯದರ್ಶಿಯವರಿಂದ ಪಡೆದುಕೊಳ್ಳಿ. ಎರಡನ್ನೂ ಮೇಜಿನ ಮೇಲೆ ಇಟ್ಟುಕೊಂಡೇ ಠರಾವಿನ ಕರಡನ್ನು ಓದೋಣ. ಈಗ ಪ್ರಶ್ನೆಗಳಿದ್ದರೆ ಕೇಳಬಹುದು.